64 ಮನೆಯ ಅಕ್ಕಿಯನ್ನು ಏಳು ಜನಕ್ಕೆ ಸಮನಾಗಿ ಹಂಚಬಹುದಾ?

ಪ್ರಶ್ನೆ: ನಮ್ಮದು ಬದಿಯಡ್ಕದ ಹತ್ತಿರ. ಮಗಳು ಕನ್ನಡ ಮಾಧ್ಯಮದಲ್ಲಿ ಎಂಟನೇ ಕ್ಲಾಸು. ಅವಳ ಮಾಷ್ಟ್ರು ಅಂಬಲಪ್ಪುಳ ದೇವಸ್ಥಾನದ ಪಾಲ್ಪಾಯಸದ ಕಥೆ ಹೇಳಿದರಂತೆ: ಚದುರಂಗದಲ್ಲಿ ಸೋತ ರಾಜ, ಪಣದ ಅಕ್ಕಿಯ ಸಾಲ ತೀರಿಸಲಾಗದೆ ದಿನಾ ಪಾಯಸ ಹಂಚಿಸಿದ ಕಥೆ. ಚದುರಂಗದ 64 ಮನೆಗಳಲ್ಲಿ 1, 2, 4, 8 ಎಂದು ದುಪ್ಪಟ್ಟು ಮಾಡುತ್ತಾ ಅಕ್ಕಿಕಾಳು ಇಟ್ಟರೆ ಒಟ್ಟು ಎಷ್ಟು ಎಂದು ಲೆಕ್ಕ ಕೊಟ್ಟಿದ್ದಾರೆ. ನನ್ನ ಅಂಗಡಿಯ ಕ್ಯಾಲ್ಕುಲೇಟರ್ ಎರರ್ ತೋರಿಸಿ ನಿಂತಿತು. ಮೊಬೈಲ್‌ನಲ್ಲಿ 18446744073709552000 ಎಂದು ಬಂತು. ಮಾಷ್ಟ್ರು ಅದು ತಪ್ಪು ಅಂದರಂತೆ. ಹಾಗಾದರೆ ಸರಿ ಯಾವುದು? ಕೈಯಲ್ಲಿ ಲೆಕ್ಕ ಹಾಕಲು ಆಗುತ್ತದಾ? ಇಷ್ಟು ದೊಡ್ಡದು ಅವಿಭಾಜ್ಯ ಸಂಖ್ಯೆಯೋ ಅಲ್ಲವೋ ಎಂದು ತಿಳಿಯುವುದು ಹೇಗೆ? ಮಗಳದ್ದೂ ಒಂದು ಪ್ರಶ್ನೆ ಇದೆ: ನಮ್ಮ ಮನೆಯಲ್ಲಿ ಏಳು ಜನ, ಅಷ್ಟು ಅಕ್ಕಿಯನ್ನು ಒಂದು ಕಾಳೂ ಉಳಿಯದ ಹಾಗೆ ಹಂಚಬಹುದಾ?

ಉತ್ತರ: ನಿಮ್ಮ ಮಗಳ ಪ್ರಶ್ನೆಯೇ ನನಗೆ ಎಲ್ಲಕ್ಕಿಂತ ಇಷ್ಟವಾಯಿತು. ಅದಕ್ಕೆ ಚಂದದ ಉತ್ತರ ಇದೆ. ಆದರೆ ಅಲ್ಲಿಗೆ ಹೋಗುವ ಮೊದಲು ದಾರಿಯಲ್ಲಿ ನೋಡಬೇಕಾದ್ದು ಬೇಕಾದಷ್ಟಿದೆ.

ಮೊದಲು ಮೊಬೈಲ್ ವಿಷಯ. ಮಾಷ್ಟ್ರು ಹೇಳಿದ್ದು ಸರಿ. ಆ ಉತ್ತರ ತಪ್ಪು ಎಂದು ಹೇಳಲು ಇಡೀ ಲೆಕ್ಕ ಮಾಡಬೇಕಾಗಿಲ್ಲ, ಕೊನೆಯ ಅಂಕಿ ನೋಡಿದರೆ ಸಾಕು. 2, 4, 8, 16, 32, 64, 128, 256. ಕೊನೆಯ ಅಂಕಿಗಳು 2, 4, 8, 6, ಮತ್ತೆ 2, 4, 8, 6. ಎಷ್ಟು ದೂರ ಹೋದರೂ ಇದೇ ನಾಲ್ಕು ಸುತ್ತುತ್ತಿರುತ್ತವೆ. ಎರಡರ ಘಾತ ಎಂದೂ ಸೊನ್ನೆಯಲ್ಲಿ ಮುಗಿಯುವುದಿಲ್ಲ. 64 ಅಂದರೆ ನಾಲ್ಕರ ಹದಿನಾರು ಸುತ್ತು, ಹಾಗಾಗಿ 2⁶⁴ರ ಕೊನೆಯ ಅಂಕಿ 6. ನಮಗೆ ಬೇಕಾದ ಮೊತ್ತ ಅದಕ್ಕಿಂತ ಒಂದು ಕಮ್ಮಿ (ಯಾಕೆ ಎಂದು ಮುಂದೆ ಹೇಳುತ್ತೇನೆ), ಆದ್ದರಿಂದ ಅದು 5ರಲ್ಲೇ ಮುಗಿಯಬೇಕು. ಮೂರು ಸೊನ್ನೆ ಎಲ್ಲಿಂದ ಬಂತು?

ಮೊಬೈಲ್‌ನಲ್ಲಿ ಎಷ್ಟೋ ಲೆಕ್ಕದ ತಂತ್ರಾಂಶಗಳು ಸಂಖ್ಯೆಯನ್ನು 53 ಬಿಟ್‌ಗಳಲ್ಲಿ, ಅಂದರೆ 0 ಮತ್ತು 1 ಮಾತ್ರ ಇರುವ 53 ಅಂಕಿಗಳಲ್ಲಿ ಇಟ್ಟುಕೊಳ್ಳುತ್ತವೆ. 2⁵³, ಅಂದರೆ 9007199254740992ರ ತನಕ ಪೂರ್ಣಾಂಕ ಒಂದೂ ತಪ್ಪುವುದಿಲ್ಲ. ಅದರಾಚೆ ನಡುನಡುವೆ ಸಂಖ್ಯೆಗಳು ಬಿಟ್ಟುಹೋಗುತ್ತವೆ. 2⁶⁴ಕ್ಕೆ ಸ್ವಲ್ಪ ಕೆಳಗೆ ಬರುವಾಗ 2048 ಸಂಖ್ಯೆಗಳಿಗೆ ಒಂದಕ್ಕೆ ಮಾತ್ರ ಅಲ್ಲಿ ಜಾಗ. ನಿಮ್ಮ ಉತ್ತರ ಹತ್ತಿರದ ಜಾಗಕ್ಕೆ ಸರಿದು ಕೂತಿತು, ತೋರಿಸುವಾಗ ಕೊನೆಯ ಅಂಕಿಗಳು ಸೊನ್ನೆಯಾದವು. ಅಕ್ಕಿ ತೂಗಲು ಈ ಉತ್ತರ ಸಾಕು. ಹಂಚಲು ಸಾಲದು. ಹಂಚುವ ಪ್ರಶ್ನೆಗೆ ಕೊನೆಯ ಒಂದು ಕಾಳೂ ಮುಖ್ಯ ಅಲ್ವಾ.

ಸರಿಯಾದ ಮೊತ್ತ ಇದು:

18446744073709551615

ನಮ್ಮ ಮಾತಿನಲ್ಲಿ ಓದಬೇಕಾದರೆ 1 ಲಕ್ಷ 84 ಸಾವಿರದ 467 ಕೋಟಿ ಕೋಟಿ, 44 ಲಕ್ಷ 7 ಸಾವಿರದ 370 ಕೋಟಿ, 95 ಲಕ್ಷ 51 ಸಾವಿರದ 615. ಇಪ್ಪತ್ತು ಅಂಕಿ. ಕೋಟಿ ಕೋಟಿ ಎಂದು ಎರಡು ಸಲ ಹೇಳುವುದು ಈಗಿನವರ ಪಾಡು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 850ರ ಸುಮಾರಿಗೆ, ಗಣಿತಸಾರಸಂಗ್ರಹ ಬರೆದ ಮಹಾವೀರಾಚಾರ್ಯ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದ. ಏಕ, ದಶ, ಶತದಿಂದ ಹೊರಟು ಕೊನೆಗೆ ಮಹಾಕ್ಷೋಭ. ಅವನ ಪಟ್ಟಿಯಲ್ಲಿ ಇಪ್ಪತ್ತನೆಯ ಸ್ಥಾನ ಮಹಾಶಂಖ, ಹತ್ತೊಂಬತ್ತನೆಯದು ಶಂಖ. ಅಂದರೆ ನಮ್ಮ ಅಕ್ಕಿಯ ಲೆಕ್ಕ ಒಂದು ಮಹಾಶಂಖ ಎಂಟು ಶಂಖದಿಂದ ಶುರುವಾಗುತ್ತದೆ, ಮೇಲೆ ಇನ್ನೂ ನಾಲ್ಕು ಸ್ಥಾನ ಖಾಲಿ ಉಳಿಯುತ್ತವೆ. ಮಗಳಿಗೆ ಇದನ್ನು ಖಂಡಿತ ಹೇಳಿ.

ಕೈಯಲ್ಲಿ ಲೆಕ್ಕ ಹಾಕಲು ಆಗುತ್ತದಾ ಎಂದು ಕೇಳಿದ್ದೀರಿ. ಧಾರಾಳವಾಗಿ ಆಗುತ್ತದೆ. 64 ಸಲ ದುಪ್ಪಟ್ಟು ಮಾಡುವುದು ಬೇಡ. ಆರು ಸಲ ವರ್ಗ ಮಾಡಿದರೆ ಮುಗಿಯಿತು: 2, 4, 16, 256, 65536, 4294967296, ಆಮೇಲೆ 2⁶⁴. ಈ ಉಪಾಯ ಪಿಂಗಳನ ಛಂದಸ್ಸಿನ ಸೂತ್ರಗಳಲ್ಲೇ ಇದೆ. ಇಷ್ಟು ಅಕ್ಷರದ ಸಾಲಿನಲ್ಲಿ ಲಘು ಗುರುಗಳನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದು ಎಂಬುದು ಅವನ ಪ್ರಶ್ನೆ. ಪ್ರತಿ ಅಕ್ಷರಕ್ಕೂ ಎರಡು ದಾರಿ, ಹಾಗಾಗಿ ಉತ್ತರ ಎರಡರ ಘಾತ. ಸಂಖ್ಯೆ ಸಮವಾದರೆ ಅರ್ಧ ಮಾಡು, ಅಲ್ಲಿ ವರ್ಗ ಮಾಡಬೇಕು. ಬೆಸವಾದರೆ ಒಂದು ಕಳೆ, ಅಲ್ಲಿ ಎರಡರಿಂದ ಗುಣಿಸಬೇಕು. ಇಷ್ಟೇ ಸೂತ್ರ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರಿಗೆ ಲಘು ಗುರು ಹೊಸತಲ್ಲ. ಯಕ್ಷಗಾನದ ಪದ ಕಟ್ಟುವವರಿಗೆ ಗೊತ್ತಿರುವ ಲೆಕ್ಕವೇ ಇದು. ಕ್ರಿ.ಶ. 1000ದ ಸುಮಾರಿಗೆ ಅಲ್ ಬಿರೂನಿಯೂ ಚದುರಂಗದ ಮೊತ್ತವನ್ನು ಹೀಗೆ ವರ್ಗದ ಮೇಲೆ ವರ್ಗ ಮಾಡಿಯೇ ಕಂಡುಹಿಡಿದ.

ಕೊನೆಯ ವರ್ಗ ಸ್ವಲ್ಪ ಉದ್ದ. 4294967296 ಅನ್ನು 42949 ಮತ್ತು 67296 ಎಂದು ಎರಡು ತುಂಡು ಮಾಡಿಕೊಳ್ಳಿ. ಮೂರು ಗುಣಾಕಾರ ಸಾಕು:

42949 × 42949 = 1844616601
42949 × 67296 × 2 = 5780591808
67296 × 67296 = 4528751616

ಮೊದಲನೆಯದಕ್ಕೆ ಹತ್ತು ಸೊನ್ನೆ, ಎರಡನೆಯದಕ್ಕೆ ಐದು ಸೊನ್ನೆ ಸೇರಿಸಿ ಮೂರನ್ನೂ ಕೂಡಿಸಿ. 18446744073709551616 ಬರುತ್ತದೆ. ರೂಲ್ ಹಾಕಿದ ನೋಟ್‌ಬುಕ್ಕಿನ ಒಂದು ಪುಟ, ಅರ್ಧ ಗಂಟೆ. ಚೌಕುಳಿ ಪುಸ್ತಕವಾದರೆ ಇನ್ನೂ ಒಳ್ಳೆಯದು, ಅಂಕಿಗಳು ಸಾಲು ತಪ್ಪುವುದಿಲ್ಲ. ಮಗಳ ಹತ್ತಿರ ಮಾಡಿಸಿ ನೋಡಿ. ಮೊಬೈಲ್‌ಗೆ ಆಗದ್ದನ್ನು ತಾನು ಮಾಡಿದೆ ಎಂಬ ಖುಷಿ ಅವಳಿಗೆ ಸಿಗಬೇಕು.

ಮೊತ್ತ ಇದಕ್ಕಿಂತ ಒಂದು ಕಮ್ಮಿ ಯಾಕೆ ಎಂದು ಅವಳು ಕೇಳಬಹುದು. ಸೂತ್ರ ಹೇಳಬೇಡಿ, ಹೀಗೆ ಹೇಳಿ. 64 ಮನೆಯೂ ತುಂಬಿದೆ ಎಂದು ಇಟ್ಟುಕೊಳ್ಳಿ. ನಿಮ್ಮ ಕೈಯಿಂದ ಒಂದು ಕಾಳು ತಂದು ಮೊದಲ ಮನೆಗೆ ಹಾಕಿ. ಅಲ್ಲಿ ಎರಡಾಯಿತು. ಪಕ್ಕದ ಮನೆಯಲ್ಲೂ ಎರಡೇ ಇದೆ. ಇವನ್ನು ಅಲ್ಲಿಗೆ ದೂಡಿದರೆ ನಾಲ್ಕು. ಅದರ ಪಕ್ಕದಲ್ಲೂ ನಾಲ್ಕು. ದೂಡಿದರೆ ಎಂಟು. ಹೀಗೆ ದೂಡುತ್ತಾ ಹೋದರೆ ಹಿಂದಿನ ಮನೆಗಳೆಲ್ಲ ಖಾಲಿಯಾಗಿ, ಎಲ್ಲ ಅಕ್ಕಿಯೂ ಮಣೆಯ ಹೊರಗಿನ 65ನೇ ಮನೆಗೆ ಬೀಳುತ್ತದೆ. ಅಲ್ಲಿ ಇರಬೇಕಾದ್ದು 2⁶⁴. ನೀವು ತಂದ ಒಂದು ಕಾಳನ್ನು ಅದರಿಂದ ತೆಗೆಯಿರಿ.

ಇನ್ನು ಅವಿಭಾಜ್ಯವೇ ಅಲ್ಲವೇ ಎಂಬ ಪ್ರಶ್ನೆ. 5ರಲ್ಲಿ ಮುಗಿಯುವುದರಿಂದ 5ರಿಂದ ಭಾಗ ಹೋಗುತ್ತದೆ, ಅವಿಭಾಜ್ಯ ಅಲ್ಲ. ಅಂಕಿಗಳನ್ನು ಕೂಡಿಸಿದರೆ 87, ಹಾಗಾಗಿ 3ರಿಂದಲೂ ಹೋಗುತ್ತದೆ, 9ರಿಂದ ಹೋಗುವುದಿಲ್ಲ. ಶಾಲೆಯಲ್ಲಿ ಕಲಿಸುವ ಪರೀಕ್ಷೆಗಳು ಇಲ್ಲಿಗೆ ನಿಲ್ಲುತ್ತವೆ. ಆದರೆ ನನಗೆ ಹೇಳಲೇಬೇಕಾದ ಮಾತು ಇಲ್ಲೇ ಇದೆ. ಈ ಸಂಖ್ಯೆಯ ಇಪ್ಪತ್ತು ಅಂಕಿಗಳನ್ನು ದಿಟ್ಟಿಸಿ ನೋಡಿದರೆ ಏನೂ ತಿಳಿಯುವುದಿಲ್ಲ. ಅದು ಹುಟ್ಟಿದ ಮಣೆಯನ್ನು ನೋಡಿದರೆ ಅಪವರ್ತನಗಳು ಒಂದೊಂದಾಗಿ ಕಾಣುತ್ತವೆ.

ಮನೆಯಲ್ಲಿ ಚೆನ್ನೆಮಣೆ ಇದ್ದರೆ ಹೊರಗೆ ತೆಗೆಯಿರಿ. ನಮ್ಮ ಮನೆಯ ಅಟ್ಟದಲ್ಲಿ ಹಲಸಿನ ಮರದ್ದೊಂದಿದೆ, ಆಟಿ ತಿಂಗಳಲ್ಲಿ ಮಕ್ಕಳು ಇಳಿಸುತ್ತಾರೆ. ಹದಿನಾಲ್ಕು ಗುಳಿಗೆ ನಾಲ್ಕರಂತೆ 56 ಮಂಜೊಟ್ಟಿ. ಒಂದು ಸಾಲಿನಲ್ಲಿ 1, 2, 4, 8, 16 ಎಂದು ಹಾಕುತ್ತಾ ಬನ್ನಿ. ಐದು ಗುಳಿಗೆ 31 ಬೀಜ ಹೋಯಿತು. ಕೈಯಲ್ಲಿ ಉಳಿದದ್ದು 25. ಆರನೆಯ ಗುಳಿಗೆ 32 ಬೇಕು, ಇಲ್ಲ. ದುಪ್ಪಟ್ಟಿನ ಓಟ ಎಂಥದ್ದು ಎಂದು ಅಲ್ಲೇ ಕೈಗೆ ತಿಳಿಯುತ್ತದೆ. ಈಗ ಐದನೆಯ ಗುಳಿಯದ್ದನ್ನು ವಾಪಸು ತೆಗೆದು ನಾಲ್ಕೇ ಗುಳಿ ಇಟ್ಟುಕೊಳ್ಳಿ. ಮೊದಲ ಎರಡರಲ್ಲಿ ಒಟ್ಟು 3. ಮುಂದಿನ ಎರಡರಲ್ಲಿ 4 ಮತ್ತು 8, ಒಟ್ಟು 12, ಅಂದರೆ ಮೂರರ ನಾಲ್ಕು ಕಟ್ಟು. ಸೇರಿಸಿದರೆ ಮೂರರ ಐದು ಕಟ್ಟು, 15. 3 ಮತ್ತು 5 ಎರಡೂ ಎಲ್ಲಿಂದ ಬಂದವು ಎಂದು ಕಣ್ಣಿಗೇ ಕಾಣುತ್ತದೆ.

ಈಗ ಇದನ್ನೇ ಚದುರಂಗದ ಮಣೆಗೆ ತನ್ನಿ. ಎಂಟು ಮನೆಯ ಮೊದಲ ಸಾಲು. ಎಡಗಡೆಯ ನಾಲ್ಕು ಮನೆಯಲ್ಲಿ 15. ಬಲಗಡೆಯ ನಾಲ್ಕರಲ್ಲಿ ಅದೇ 15ರ ಹದಿನಾರು ಪಟ್ಟು. ಒಟ್ಟು 15ರ 17 ಪಟ್ಟು, 255. ಎರಡನೇ ಸಾಲು ಮೊದಲನೆಯದರ 256 ಪಟ್ಟು. ಎರಡೂ ಸೇರಿ 255ರ 257 ಪಟ್ಟು, 65535. ಮೂರು ಮತ್ತು ನಾಲ್ಕನೇ ಸಾಲು ಸೇರಿದರೆ ಮೊದಲೆರಡರ 65536 ಪಟ್ಟು. ಹಾಗಾಗಿ ಅರ್ಧ ಮಣೆಯಲ್ಲಿ 65535 × 65537, ಅಂದರೆ 4294967295. ಉಳಿದ ಅರ್ಧ ಮಣೆ ಇದರ 4294967296 ಪಟ್ಟು. ಇಡೀ ಮಣೆ ಅಂದರೆ ಅರ್ಧ ಮಣೆಯ 4294967297 ಪಟ್ಟು.

ಪ್ರತಿ ಸಲ ಮಡಚಿದ ಹಾಗೆ ಇದು. ಒಂದೊಂದು ಮಡಿಕೆಗೆ ಒಂದೊಂದು ಅಪವರ್ತನ ಉದುರುತ್ತದೆ:

3 × 5 × 17 × 257 × 65537 × 4294967297

ಇಲ್ಲಿ ಸ್ವಲ್ಪ ತಡೆದು ಅಕ್ಕಿಯನ್ನೂ ತೂಗೋಣ. ಕುಚ್ಚಿಲಕ್ಕಿ ದಪ್ಪ, ಬೆಳ್ತಿಗೆ ಸಣ್ಣ. ಲೆಕ್ಕಕ್ಕೆ ಸಾವಿರ ಕಾಳಿಗೆ 20 ಗ್ರಾಂ ಹಿಡಿಯೋಣ. ಎರಡು ಸಾಲು ಮುಗಿದಾಗ ರಾಜ ಕೊಟ್ಟದ್ದು ಒಂದು ಕಿಲೋ 300 ಗ್ರಾಂ. ಒಂದು ಹೊತ್ತಿನ ಅನ್ನ. ಮೂರು ಸಾಲಿಗೆ ಸುಮಾರು 335 ಕಿಲೋ. ಅರ್ಧ ಮಣೆಗೆ 86 ಟನ್, ಹತ್ತು ಟನ್ನಿನ ಲಾರಿಯಾದರೆ ಒಂಬತ್ತು ಲಾರಿ. ರಾಜನಾದವನಿಗೆ ಇದೂ ಕಷ್ಟ ಅಲ್ಲ. ಅವನಿಗೆ ಮೋಸ ಕಾಣದೆ ಹೋದದ್ದು ಇದೇ ಕಾರಣಕ್ಕೆ, ಅರ್ಧ ದಾರಿಯ ತನಕ ಎಲ್ಲವೂ ಕೈಗೆ ಎಟಕುವಂತೆಯೇ ಇತ್ತು. ಇಡೀ ಮಣೆಗೆ ಬೇಕಾದ್ದು ಸುಮಾರು 36,900 ಕೋಟಿ ಟನ್. ಈಗ ಇಡೀ ಜಗತ್ತು ವರ್ಷಕ್ಕೆ ಬೆಳೆಯುವ ಅಕ್ಕಿ 50 ಕೋಟಿ ಟನ್ನಿನ ಆಸುಪಾಸು. ಸುಮಾರು 700 ವರ್ಷದ ಬೆಳೆ. ಸಾಲ ತೀರದೆ ಅಂಬಲಪ್ಪುಳದಲ್ಲಿ ಇವತ್ತಿಗೂ ದಿನಾ ಪಾಯಸ ಹಂಚುತ್ತಾರೆ ಎಂದು ಕಥೆ ಮುಗಿಯುವುದು ಸರಿಯಾಗಿಯೇ ಇದೆ.

ವಾಪಸು ಅಪವರ್ತನಕ್ಕೆ. 3, 5, 17, 257 ಅವಿಭಾಜ್ಯ ಎಂದು ನೀವೇ ಪರೀಕ್ಷಿಸಬಹುದು. ಉಳಿದದ್ದು ಎರಡು ದೊಡ್ಡವು. ಈ ಸಾಲನ್ನು 1640ರಲ್ಲಿ ಫ್ರಾನ್ಸಿನ ಫರ್ಮಾ ಗಮನಿಸಿದ್ದ. 3, 5, 17, 257, 65537 ಐದೂ ಅವಿಭಾಜ್ಯ, ಹಾಗಾದರೆ ಮುಂದಿನದ್ದೆಲ್ಲ ಅವಿಭಾಜ್ಯವೇ ಇರಬೇಕು ಎಂದು ನಂಬಿದ. ಅವನಷ್ಟು ದೊಡ್ಡ ಗಣಿತಜ್ಞ ಮುಂದಿನ ಒಂದೇ ಮೆಟ್ಟಿಲಿನಲ್ಲಿ ತಪ್ಪಿದ. 1732ರಲ್ಲಿ ಗಣಿತಜ್ಞ ಆಯ್ಲರ್ ತೋರಿಸಿದ: 4294967297 = 641 × 6700417.

ಆಯ್ಲರ್ ಸುಮ್ನೆ ಒಂದೊಂದೇ ಸಂಖ್ಯೆಯಿಂದ ಭಾಗಿಸುತ್ತಾ ಕೂತಿರಬೇಕು ಅನಿಸುತ್ತದೆ ಅಲ್ವಾ? ಹಾಗೆ ಬೇಕಾಗಿಲ್ಲ. ಈ ಸಂಖ್ಯೆಯನ್ನು ಭಾಗಿಸುವ ಯಾವ ಅವಿಭಾಜ್ಯವೇ ಆಗಲಿ, 64ರ ಮಗ್ಗಿಗೆ ಒಂದು ಕೂಡಿಸಿದ ಸಂಖ್ಯೆಯೇ ಆಗಿರಬೇಕು ಎಂದು ಅವನೇ ಸಾಧಿಸಿದ. 65, 129, 193, 257, 321, 385, 449, 513, 577, 641. ಇದರಲ್ಲಿ ಅವಿಭಾಜ್ಯ ಅಲ್ಲದವನ್ನು ಬಿಟ್ಟರೆ ಉಳಿಯುವುದು 193, 257, 449, 577, 641. ಐದನೇ ಪ್ರಯತ್ನಕ್ಕೆ ಸಿಕ್ಕಿತು! 65537ಕ್ಕೂ ಇದೇ ತರದ ನಿಯಮ, ಅಲ್ಲಿ 32ರ ಮಗ್ಗಿ. 256ರ ತನಕ ನೋಡಿದರೆ ಸಾಕು, ಸಿಗುವ ಅವಿಭಾಜ್ಯಗಳು 97 ಮತ್ತು 193 ಮಾತ್ರ. 97ರಿಂದ ಭಾಗಿಸಿದರೆ 62 ಉಳಿಯುತ್ತದೆ, 193ರಿಂದ 110. ಎರಡೇ ಭಾಗಾಕಾರದಲ್ಲಿ 65537 ಅವಿಭಾಜ್ಯ ಎಂದು ಖಾತ್ರಿಯಾಯಿತು. 6700417 ಕೂಡ ಅವಿಭಾಜ್ಯವೇ. ಅದನ್ನು ಪರೀಕ್ಷಿಸಲು 64ರ ಮಗ್ಗಿಯಲ್ಲಿ 2588ರ ತನಕ ಹೋಗಬೇಕು, ಒಟ್ಟು ಹನ್ನೊಂದು ಭಾಗಾಕಾರ.

641ರಿಂದ ಭಾಗ ಹೋಗುತ್ತದೆ ಎಂದು ಭಾಗಿಸದೆಯೇ ತೋರಿಸುವ ಒಂದು ದಾರಿ ಇದೆ. ನನಗೆ ಇದು ಬಹಳ ಇಷ್ಟ. ಎಂಟನೇ ಕ್ಲಾಸಿಗೆ ಸ್ವಲ್ಪ ಜಾಸ್ತಿ ಆದೀತು, ಆದರೂ ಹೇಳುತ್ತೇನೆ. 641 ಅನ್ನು ಎರಡು ರೀತಿ ಬರೆಯಬಹುದು:

641 = 5 × 128 + 1
641 = 625 + 16

641ರಿಂದ ಭಾಗಿಸಿದಾಗ ಉಳಿಯುವ ಶೇಷವನ್ನಷ್ಟೇ ನೋಡೋಣ. 5 × 2⁷ ಅಂದರೆ 640, ಅದು 641ಕ್ಕೆ ಒಂದು ಕಮ್ಮಿ. ಶೇಷದ ಲೆಕ್ಕದಲ್ಲಿ ಅದನ್ನು −1 ಎಂದು ಬರೆಯಬಹುದು. ಅದರ ನಾಲ್ಕನೇ ಘಾತ ತೆಗೆದರೆ −1 ಹೋಗಿ 1 ಆಗುತ್ತದೆ. ಅಂದರೆ 5⁴ × 2²⁸ರ ಶೇಷ 1. ಈಗ ಎರಡನೇ ಸಾಲು ನೋಡಿ. 5⁴ ಅಂದರೆ 625, ಅದು 641ಕ್ಕೆ 16 ಕಮ್ಮಿ. ಹಾಗಾಗಿ 5⁴ ಇದ್ದ ಜಾಗದಲ್ಲಿ −16, ಅಂದರೆ −2⁴ ಹಾಕಬಹುದು. 2⁴ × 2²⁸ ಸೇರಿ 2³² ಆಯಿತು. −2³²ರ ಶೇಷ 1, ಅಂದರೆ 2³²ರ ಶೇಷ −1. ಅದಕ್ಕೆ ಒಂದು ಕೂಡಿಸಿದರೆ ಸೊನ್ನೆ. 2³² + 1, ನಮ್ಮ 4294967297, ಪೂರ್ತಿ ಭಾಗ ಹೋಯಿತು.

ಅಲ್ಲಿಗೆ ಅಕ್ಕಿಯ ಸಂಖ್ಯೆ ಪೂರ್ತಿ ಬಿಚ್ಚಿಕೊಂಡಿತು:

18446744073709551615 = 3 × 5 × 17 × 257 × 641 × 65537 × 6700417

ಏಳು ಅವಿಭಾಜ್ಯಗಳು, ಯಾವುದೂ ಎರಡು ಸಲ ಬಂದಿಲ್ಲ. ಈ ಸಂಖ್ಯೆಯನ್ನು ಭಾಗಿಸುವ ಸಂಖ್ಯೆಗಳು ಎಷ್ಟು ಎಂದು ಕೇಳಿದರೆ, ಪ್ರತಿ ಅವಿಭಾಜ್ಯವನ್ನೂ ತೆಗೆದುಕೊಳ್ಳಬಹುದು ಅಥವಾ ಬಿಡಬಹುದು. ಮತ್ತೆ ಪಿಂಗಳನ ಲಘು ಗುರುವಿನ ಲೆಕ್ಕವೇ. ಏಳು ಅಕ್ಷರದ ಸಾಲು, 2⁷ ಅಂದರೆ 128.

ಅರ್ಧ ಮಣೆಯ 4294967295 ಬಗ್ಗೆಯೂ ಒಂದು ಮಾತು. ಇನ್ನೂ 19 ವರ್ಷ ತುಂಬದ ಗಣಿತಜ್ಞ ಗಾಸ್ 1796ರಲ್ಲಿ, ಬರೇ ಅಳತೆಪಟ್ಟಿ ಮತ್ತು ಕೈವಾರದಿಂದ 17 ಬಾಹುಗಳ ಸಮ ಆಕೃತಿ ಬರೆಯಬಹುದು ಎಂದು ಸಾಧಿಸಿದ. ಬಾಹುಗಳ ಸಂಖ್ಯೆ ಬೆಸವಾಗಿದ್ದರೆ, ಅದು ಫರ್ಮಾನ ಸಾಲಿನ ಬೇರೆ ಬೇರೆ ಅವಿಭಾಜ್ಯಗಳ ಗುಣಲಬ್ಧ ಆಗಿರಬೇಕು. ಗೊತ್ತಿರುವ ಅಂಥ ಅವಿಭಾಜ್ಯಗಳು ಇವತ್ತಿಗೂ ಐದೇ. ಐದನ್ನೂ ಗುಣಿಸಿದರೆ ಬರುವುದು 4294967295. ಹಾಗೆ ಬರೆಯಬಹುದು ಎಂದು ನಮಗೆ ಗೊತ್ತಿರುವ ಬೆಸ ಬಾಹುಗಳ ಆಕೃತಿಗಳಲ್ಲಿ ಎಲ್ಲಕ್ಕಿಂತ ದೊಡ್ಡದರ ಬಾಹುಗಳು, ಅರ್ಧ ಮಣೆಯ ಅಕ್ಕಿಕಾಳಿನಷ್ಟೇ. ಅಕ್ಕಿಗೂ ಕೈವಾರಕ್ಕೂ ಎಲ್ಲಿಯ ನಂಟು ಎಂದು ನಾನು ಮೊದಲ ಸಲ ಓದಿದಾಗ ಪುಸ್ತಕ ಮಡಚಿಟ್ಟು ಜಗಲಿಯಲ್ಲಿ ಸುಮಾರು ಹೊತ್ತು ಕೂತಿದ್ದೆ.

ಈಗ ಮಗಳ ಪ್ರಶ್ನೆ. ಏಳು ಅವಿಭಾಜ್ಯಗಳ ಪಟ್ಟಿಯಲ್ಲಿ 7 ಇಲ್ಲ. ಹಾಗಾಗಿ ಏಳು ಜನಕ್ಕೆ ಸಮನಾಗಿ ಹಂಚಲು ಆಗುವುದಿಲ್ಲ. ಮೂರು ಜನಕ್ಕೆ ಆಗುತ್ತದೆ, ಐದು, ಹದಿನೈದು, ಹದಿನೇಳು ಜನಕ್ಕೂ ಆಗುತ್ತದೆ. ಏಳು ಜನಕ್ಕೆ ಹಂಚಿದರೆ ಎಷ್ಟು ಉಳಿಯುತ್ತದೆ? ಇಪ್ಪತ್ತು ಅಂಕಿಯನ್ನು ಏಳರಿಂದ ಭಾಗಿಸುವುದು ಬೇಡ, ಮತ್ತೆ ಮಣೆಯನ್ನೇ ನೋಡಿ. ಮೊದಲ ಮನೆಯನ್ನು ಹಾಗೇ ಬಿಡಿ. ಉಳಿದ 63 ಮನೆಗಳನ್ನು ಮೂರು ಮೂರರಂತೆ ಕಟ್ಟಿ, 21 ಕಟ್ಟು ಆಗುತ್ತದೆ. ಮೊದಲ ಕಟ್ಟು 2 + 4 + 8, ಅಂದರೆ 14. ಎರಡನೆಯದು 16 + 32 + 64, ಅಂದರೆ 112. ಒಂದು ಕಟ್ಟಿನಿಂದ ಮುಂದಿನದು ಎಂಟು ಪಟ್ಟು, ಹಾಗಾಗಿ ಎಲ್ಲವೂ ಏಳರಿಂದ ಪೂರ್ತಿ ಭಾಗ ಹೋಗುತ್ತವೆ. ಮನೆಯ ಏಳು ಜನಕ್ಕೂ ಸರಿಸಮ ಪಾಲು ಹೋಗಿ, ಕೊನೆಗೆ ಒಂದೇ ಒಂದು ಕಾಳು ಉಳಿಯುತ್ತದೆ. ಅದು ಮೊದಲ ಮನೆಯಲ್ಲಿ ಇಟ್ಟ ಮೊದಲ ಕಾಳು.